ಇಂಗ್ಲೆಂಡಿನಲ್ಲಿ ನಾಯಿಮರಿ ತರುವ ಮುಂಚೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರಿಗೆ

ಇಂಗ್ಲೆಂಡಿಗೆ ಬಂದು ನೆಲೆ ನಿಂತ ನಮ್ಮ ಕಡೆಯ ಮನೆಗಳಲ್ಲಿ ಸ್ವಂತ ಮನೆ ಆಯಿತು, ಹಿತ್ತಲಲ್ಲಿ ಸ್ವಲ್ಪ ಜಾಗ ಸಿಕ್ಕಿತು ಅಂದರೆ ಮಕ್ಕಳ ಮುಂದಿನ ಹಟ ನಾಯಿಮರಿಗೆ. ಜಾಹೀರಾತು ನೋಡೋಕೆ ಶುರು ಮಾಡಿದರೆ ಒಂದೇ ತಳಿಗೆ ಎರಡು ಬೆಲೆ ಕಾಣುತ್ತದೆ. ಇದು ಯಾಕೆ ಅಗ್ಗ ಅಂತ ಕೇಳಿದರೆ "ಇದು ಪೆಟ್ ಕ್ವಾಲಿಟಿ, ಶೋ ನಾಯಿ ಅಲ್ಲ" ಅನ್ನುತ್ತಾರೆ. ತಂದೆತಾಯಿಯ ಹೆಲ್ತ್ ಟೆಸ್ಟ್ ಎಲ್ಲಿ ಅಂದರೆ "ಮನೆಯಲ್ಲಿ ಸಾಕೋ ನಾಯಿಗೆ ಅದೆಲ್ಲ ಯಾಕೆ ಬೇಕು?" ಅನ್ನುತ್ತಾರೆ.

ಈ ಎರಡನೇ ಮಾತು ಕೇಳಿದ ಕೂಡಲೇ ಎದ್ದು ಬನ್ನಿ.

ಯಾಕೆ ಅಂತ ಹೇಳುತ್ತೇನೆ. ಒಳ್ಳೆ ಬ್ರೀಡರ್ (ಮರಿ ಹಾಕಿಸಿ ಮಾರುವವರು) ಒಂದು ಸೂಲಿನಲ್ಲಿ ಒಂದೋ ಎರಡೋ ಮರಿಗಳನ್ನು ಶೋಗೆ, ಅಂದರೆ ನಾಯಿಗಳ ಸ್ಪರ್ಧೆಗೆ, ಮುಂದಿನ ಪೀಳಿಗೆಗೆ ಅಂತ ಇಟ್ಟುಕೊಳ್ಳುತ್ತಾರೆ. ಮಿಕ್ಕವು ಮನೆಗಳಿಗೆ ಹೋಗುತ್ತವೆ. ಒಂದರ ಕಿವಿ ಸ್ವಲ್ಪ ದೊಡ್ಡದು, ಇನ್ನೊಂದರ ಮಚ್ಚೆ ಬರಬೇಕಾದ ಜಾಗದಲ್ಲಿ ಬಂದಿಲ್ಲ. ವ್ಯತ್ಯಾಸ ಅಷ್ಟೇ. ಅಪ್ಪ ಅಮ್ಮ ಅವೇ, ಕುಡಿದ ಹಾಲು ಅದೇ. ಹೆಲ್ತ್ ಟೆಸ್ಟ್ ಮಾಡಿಸೋದು ಹೆಚ್ಚಾಗಿ ತಂದೆತಾಯಿಗೆ, ಅದೂ ಕೂಡಿಸುವ ಮುಂಚೆ. ಆಗ ಯಾವ ಮರಿ ಶೋಗೆ, ಯಾವುದು ಮನೆಗೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಟೆಸ್ಟ್ ಆಗಿದ್ದರೆ ಇಡೀ ಸೂಲಿಗೆ ಆಗಿರುತ್ತದೆ. ನಿಮಗೆ ತೋರಿಸೋಕೆ ಪೇಪರ್ ಇಲ್ಲ ಅಂದರೆ ಯಾವ ಮರಿಗೂ ಇಲ್ಲ.

ನೋಟದಲ್ಲಿ ಕೊರತೆ ಇರುವ ಮರಿಯೇ ಕೆಲವು ಸಲ ಜಾಸ್ತಿ ಆರೋಗ್ಯವಾಗಿರುತ್ತದೆ. ರೊಡೇಷಿಯನ್ ರಿಡ್ಜ್‌ಬ್ಯಾಕ್ ಅನ್ನೋ ತಳಿ ನೋಡಿ. ಬೆನ್ನ ಮೇಲೆ ಒಂದು ಪಟ್ಟಿಯಷ್ಟು ಕೂದಲು ಉಲ್ಟಾ ದಿಕ್ಕಿಗೆ ಬೆಳೆದಿರುತ್ತದೆ. ಆ ತಳಿಯ ಗುರುತೇ ಅದು. ಕೆಲವು ಮರಿಗಳು ಆ ಪಟ್ಟಿ ಇಲ್ಲದೆ ಹುಟ್ಟುತ್ತವೆ, ಶೋಗೆ ಬೇಡವಾಗುತ್ತವೆ. ಆದರೆ ಈ ತಳಿಯಲ್ಲಿ ಡರ್ಮಾಯ್ಡ್ ಸೈನಸ್ ಅಂತ ಒಂದು ಹುಟ್ಟು ದೋಷ ಇದೆ. ಬೆನ್ನ ಚರ್ಮದಿಂದ ಒಳಕ್ಕೆ ಸಣ್ಣ ಕೊಳವೆಯ ಹಾಗೆ ತೂತು ಇರುತ್ತದೆ, ಕೆಲವೊಮ್ಮೆ ಬೆನ್ನುಹುರಿಯ ಪೊರೆವರೆಗೂ ಹೋಗಿರುತ್ತದೆ, ಕೀವು ತುಂಬಿದರೆ ದೊಡ್ಡ ತೊಂದರೆ. ಆ ಪಟ್ಟಿಯನ್ನು ತರುವ ವಂಶವಾಹಿ ಬದಲಾವಣೆಯೇ ಈ ದೋಷಕ್ಕೂ ದಾರಿ ಮಾಡುತ್ತದೆ ಅಂತ 2007 ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಂದರೆ ಅಗ್ಗಕ್ಕೆ ಕೊಡುವ ಮರಿಗೇ ಆ ಭಯ ಕಡಿಮೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತು ಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಸುಳಿ ನೋಡಿ ಬೆಲೆ ಕಟ್ಟುವವರು ಇರುತ್ತಾರೆ. ಹೊಲದಲ್ಲಿ ದುಡಿಸಬೇಕಾದವನು ಮಾತ್ರ ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ.

ಇನ್ನು ಇಲ್ಲಿನ ಕಾನೂನು. ನಾನು ಹೇಳುವುದು ಇಂಗ್ಲೆಂಡಿನದು. ಸ್ಕಾಟ್ಲೆಂಡ್, ವೇಲ್ಸ್‌ಗೆ ಬೇರೆ ನಿಯಮ ಇವೆ. 12 ತಿಂಗಳಲ್ಲಿ 3 ಅಥವಾ ಜಾಸ್ತಿ ಸೂಲಿನ ಮರಿ ಮಾರುವವರಿಗೆ ಲೋಕಲ್ ಕೌನ್ಸಿಲ್ ಲೈಸೆನ್ಸ್ ಬೇಕೇ ಬೇಕು. ವ್ಯಾಪಾರ ಅಂತ ಮಾಡುವವರಿಗೆ ಅದಕ್ಕಿಂತ ಕಡಿಮೆ ಇದ್ದರೂ ಬೇಕು. 2018 ರ ಅಕ್ಟೋಬರ್‌ನಿಂದ ಈ ಲೈಸೆನ್ಸ್‌ಗೆ 1 ರಿಂದ 5 ಸ್ಟಾರ್ ಕೊಡುತ್ತಾರೆ. ಲೈಸೆನ್ಸ್ ಇರುವವರು ಜಾಹೀರಾತಿನಲ್ಲಿ ಅದರ ನಂಬರ್ ಹಾಕಲೇಬೇಕು. ಆ ನಂಬರ್ ಹಿಡಿದು ಕೌನ್ಸಿಲ್‌ಗೆ ಒಂದು ಇಮೇಲ್ ಹಾಕಿ, ನಿಜವಾ ಅಂತ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. 8 ವಾರ ತುಂಬುವ ಮುಂಚೆ ಅವರು ಮರಿ ಕೊಡುವಂತಿಲ್ಲ. ವರ್ಷ ತುಂಬದ ಹೆಣ್ಣನ್ನು ಕೂಡಿಸುವಂತಿಲ್ಲ, ಒಂದು ಹೆಣ್ಣಿಗೆ ವರ್ಷಕ್ಕೆ ಒಂದೇ ಸೂಲು, ಜೀವನದಲ್ಲಿ 6 ಮೀರುವಂತಿಲ್ಲ. ತಳಿ ನಾಯಿಗಳನ್ನು ನೋಂದಾಯಿಸುವ ಇಲ್ಲಿನ ಸಂಸ್ಥೆ ಕೆನಲ್ ಕ್ಲಬ್ ಇನ್ನೂ ಬಿಗಿ. 4 ಸೂಲು ದಾಟಿದರೆ ಮರಿಗಳನ್ನು ನೋಂದಾಯಿಸುವುದಿಲ್ಲ.

ಮನೆಯಲ್ಲಿ ಒಂದು ಹೆಣ್ಣು ನಾಯಿ ಸಾಕಿಕೊಂಡು ಯಾವಾಗಲೋ ಒಂದು ಸೂಲು ತೆಗೆಯುವವರಿಗೆ ಲೈಸೆನ್ಸ್ ಬೇಡ. ಅಂಥವರಲ್ಲಿ ತುಂಬಾ ಒಳ್ಳೆಯವರಿದ್ದಾರೆ. ಲೈಸೆನ್ಸ್ ಇಲ್ಲ ಅಂದ ಮಾತ್ರಕ್ಕೆ ಬೇಡ ಅನ್ನಬೇಡಿ. ಪೇಪರ್ ಕೇಳಿ.

2020 ರ ಏಪ್ರಿಲ್ 6 ರಿಂದ ಲೂಸಿ ಕಾನೂನು ಜಾರಿಯಲ್ಲಿದೆ. ಲೂಸಿ ಅನ್ನೋದು ಒಂದು ಕೆವೆಲಿಯರ್ ತಳಿಯ ನಾಯಿ. 2013 ರಲ್ಲಿ ಅವಳನ್ನು ವೇಲ್ಸ್‌ನ ಒಂದು ಪಪ್ಪಿ ಫಾರ್ಮ್‌ನಿಂದ ಬಿಡಿಸಿದಾಗ, ವರ್ಷಗಟ್ಟಲೆ ಪಂಜರದಲ್ಲಿ ಮರಿ ಹಾಕಿಸಿ ಹಾಕಿಸಿ ಸೊಂಟದ ಮೂಳೆ ಬೆಸೆದುಕೊಂಡು ಬೆನ್ನು ಬಾಗಿತ್ತು. ಅವಳ ಮರಿಗಳನ್ನು ಕೊಂಡವರಾರೂ ಅವಳನ್ನು ನೋಡಿರಲಿಕ್ಕಿಲ್ಲ. ಅದನ್ನು ತಡೆಯೋಕೇ ಈ ಕಾನೂನು. 6 ತಿಂಗಳೊಳಗಿನ ಮರಿಯನ್ನು ಅಂಗಡಿಯವರು, ದಲ್ಲಾಳಿಗಳು ವ್ಯಾಪಾರಕ್ಕೆ ಮಾರುವಂತಿಲ್ಲ. ಸಾಕಿದವರೇ ಮಾರಬೇಕು, ಮರಿ ಹುಟ್ಟಿ ಬೆಳೆದ ಜಾಗದಲ್ಲೇ, ತಾಯಿಯ ಜೊತೆಗೇ ತೋರಿಸಬೇಕು. ಬೀದಿ ನಾಯಿ, ಅನಾಥ ಮರಿ ಸಾಕಿಸುವ ಡಾಗ್ಸ್ ಟ್ರಸ್ಟ್, ಬ್ಯಾಟರ್‌ಸೀ, ಆರ್‌ಎಸ್‌ಪಿಸಿಎ ಥರದ ಸಂಸ್ಥೆಗಳಿಂದ ದತ್ತು ತರೋದು ಬೇರೆ ವಿಷಯ. ಅದು ನಿಜಕ್ಕೂ ಒಳ್ಳೆ ದಾರಿ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ನಾಯಿ ತರುವಾಗ ಅದನ್ನು ಹಾಗೇ ಪಾಲಿಸಿ. ತಾಯಿಯನ್ನು ನೋಡದೆ ದುಡ್ಡು ಕೊಡಬೇಡಿ. "ತಾಯಿ ವಾಕಿಂಗ್ ಹೋಗಿದೆ", "ಡಾಕ್ಟರ್ ಹತ್ತಿರ ಬಿಟ್ಟಿದ್ದೇವೆ", "ನಿಮಗೆ ದೂರ ಆಗುತ್ತೆ, ಮೋಟಾರ್‌ವೇ ಸರ್ವಿಸ್‌ನಲ್ಲಿ ತಂದು ಕೊಡ್ತೀವಿ" ಇವೆಲ್ಲ ಕೆಟ್ಟ ಸೂಚನೆ. ತೋರಿಸಿದ ನಾಯಿ ನಿಜವಾದ ತಾಯಿಯೇ ಅಂತಲೂ ನೋಡಿ. ಆರೇಳು ವಾರದ ಮರಿಗಳ ತಾಯಿಯ ಮೊಲೆಗಳು ಜೋತು ಬಿದ್ದಿರುತ್ತವೆ. ಮರಿಗಳು ಹತ್ತಿರ ಓಡುತ್ತವೆ, ತಾಯಿ ಮೂಸಿ ನೆಕ್ಕುತ್ತದೆ, ಇಲ್ಲವೇ ಚೂಪು ಹಲ್ಲಿನ ಮರಿಗಳಿಂದ ಬೇಸತ್ತು ಎದ್ದು ಹೋಗುತ್ತದೆ. ಎರಡೂ ಸಹಜವೇ. ಮರಿಗಳ ಕಡೆ ತಿರುಗಿಯೂ ನೋಡದೆ ಮೂಲೆಯಲ್ಲಿ ಹೆದರಿ ಕೂತಿದ್ದರೆ ಅನುಮಾನ ಪಡಿ. ಅದು ನಡೆಯೋದು ನೋಡಿ, ಉಸಿರಾಡೋದು ಕೇಳಿ. ಸುಮ್ನೆ ಮಲಗಿದ್ದಾಗಲೂ ಗೊರಗೊರ ಅನ್ನುತ್ತಿದ್ದರೆ ಮುದ್ದು ಅಂದುಕೊಳ್ಳಬೇಡಿ, ಉಸಿರಿಗೆ ಕಷ್ಟ ಪಡುತ್ತಿದೆ ಅದು.

ಫ್ರೆಂಚ್ ಬುಲ್‌ಡಾಗ್, ಪಗ್ ಬೇಕು ಅನ್ನುವವರು ಇಲ್ಲಿ ಸ್ವಲ್ಪ ನಿಲ್ಲಿ. ಚಪ್ಪಟೆ ಮೂತಿಯ ಈ ನಾಯಿಗಳಿಗೆ ಕೆನಲ್ ಕ್ಲಬ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಸೇರಿ 2019 ರಲ್ಲಿ ಉಸಿರಾಟದ ಒಂದು ಪರೀಕ್ಷೆ ಶುರು ಮಾಡಿವೆ. ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ, 3 ನಿಮಿಷ ಓಡಿಸುತ್ತಾರೆ, ಮತ್ತೆ ಕೇಳುತ್ತಾರೆ. 0 ಅಂದರೆ ತೊಂದರೆ ಇಲ್ಲ, 3 ಅಂದರೆ ತೀವ್ರ. ತಂದೆತಾಯಿ ಎರಡಕ್ಕೂ 0 ಅಥವಾ 1 ಇರುವ ಮರಿ ಹುಡುಕಿ. ಸಿಗದಿದ್ದರೆ ಬೇರೆ ತಳಿ ನೋಡಿ. ನನ್ನ ಮಟ್ಟಿಗೆ ಇದರಲ್ಲಿ ರಾಜಿ ಇಲ್ಲ. ಅಪರೂಪದ ಬಣ್ಣ ಅಂತ ಜಾಸ್ತಿ ದುಡ್ಡು ಕೇಳುವವರಿಂದಲೂ ದೂರ ಇರಿ. ಮರ್ಲ್ ಅನ್ನುವ ಮಚ್ಚೆ ಮಚ್ಚೆ ಬಣ್ಣದ ಎರಡು ನಾಯಿಗಳನ್ನು ಕೂಡಿಸಿದರೆ ಕೆಲವು ಮರಿಗಳು ಕುರುಡಾಗಿ, ಕಿವುಡಾಗಿ ಹುಟ್ಟುತ್ತವೆ.

ಪೇಪರ್ ಓದೋದು ಕಷ್ಟವಲ್ಲ. ನಮ್ಮವರು ಹೆಚ್ಚಾಗಿ ತರುವ ಲ್ಯಾಬ್ರಡಾರ್‌ನದೇ ಹೇಳುತ್ತೇನೆ. ಸೊಂಟದ ಎಕ್ಸ್‌ರೇಗೆ ಒಂದೊಂದು ಕಡೆಗೆ 0 ಯಿಂದ 53 ಅಂಕ, ಒಟ್ಟು 106. ಕಡಿಮೆ ಇದ್ದಷ್ಟೂ ಒಳ್ಳೆಯದು. 4/5 ಅಂತ ಬರೆದಿದ್ದರೆ ಒಟ್ಟು 9, ಎರಡೂ ಕಡೆ ಸಮ, ಚೆನ್ನಾಗಿದೆ. 3/25 ಅಂತಿದ್ದರೆ ಒಂದು ಕಡೆಯ ಕೀಲು ಕೆಟ್ಟಿದೆ ಅಂತ ಅರ್ಥ. ಮೊಣಕೈಗೆ 0 ಯಿಂದ 3, ಅಲ್ಲಿ 0 ಬೇಕು. ಕಣ್ಣಿನ ಪರೀಕ್ಷೆ ಇತ್ತೀಚಿನದ್ದಾಗಿರಲಿ. ಡಿಎನ್‌ಎ ಪರೀಕ್ಷೆಯಲ್ಲಿ ಕ್ಲಿಯರ್ (ದೋಷ ಇಲ್ಲ), ಕ್ಯಾರಿಯರ್ (ದೋಷದ ಒಂದು ಪ್ರತಿ ಇದೆ, ತನಗೆ ರೋಗ ಬರಲ್ಲ), ಅಫೆಕ್ಟೆಡ್ (ಎರಡೂ ಪ್ರತಿ ಇವೆ, ರೋಗ ಬರಬಹುದು) ಅಂತ ಮೂರು ಫಲಿತಾಂಶ. ಒಂದು ಕ್ಯಾರಿಯರ್ ಆಗಿದ್ದು ಇನ್ನೊಂದು ಕ್ಲಿಯರ್ ಆಗಿದ್ದರೆ ಆ ರೋಗ ಮರಿಗೆ ಬರುವುದಿಲ್ಲ, ಹೆದರಬೇಡಿ. ಎರಡೂ ಕ್ಯಾರಿಯರ್ ಆದರೆ ನಾಲ್ಕರಲ್ಲಿ ಒಂದು ಮರಿಗೆ ಬರುವ ಸಾಧ್ಯತೆ.

ಕಾಕಪೂ (ಕಾಕರ್ ಮತ್ತು ಪೂಡಲ್ ಕೂಡಿದ್ದು), ಲ್ಯಾಬ್ರಡೂಡಲ್ ಥರದ ಮಿಶ್ರ ತಳಿಗೆ ರೋಗವೇ ಬರಲ್ಲ ಅಂತ ಮಾರುತ್ತಾರೆ. ನಂಬಬೇಡಿ. ನಿಧಾನಕ್ಕೆ ಕಣ್ಣು ಹೋಗುವ ಪಿಆರ್‌ಎ ಕಾಯಿಲೆಯ ಒಂದೇ ವಂಶವಾಹಿ ದೋಷ ಕಾಕರ್‌ನಲ್ಲೂ ಇದೆ, ಪೂಡಲ್‌ನಲ್ಲೂ ಇದೆ. ಎರಡರಿಂದಲೂ ಬಂದರೆ ಮರಿಗೂ ಕಣ್ಣು ಹೋಗುತ್ತದೆ. ಅಲ್ಲೂ ಇಬ್ಬರ ಪೇಪರ್ ಬೇಕು.

ತಂದೆತಾಯಿಯ ಕೆನಲ್ ಕ್ಲಬ್ ಹೆಸರು ಗೊತ್ತಿದ್ದರೆ ಟೆಸ್ಟ್ ಫಲಿತಾಂಶವನ್ನು ಕ್ಲಬ್‌ನ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು. ಸಂಬಂಧ ಎಷ್ಟು ಹತ್ತಿರ ಅನ್ನುವ ಶೇಕಡಾ ಲೆಕ್ಕವೂ ಅಲ್ಲೇ ಸಿಗುತ್ತದೆ. ಅಣ್ಣ ತಂಗಿ ನಾಯಿಗಳನ್ನು ಕೂಡಿಸಿದರೆ 25, ಅಜ್ಜ ಮೊಮ್ಮಗಳಾದರೆ 12.5. ತಳಿಯ ಸರಾಸರಿಗಿಂತ ಕಡಿಮೆ ಇರಲಿ. ಆದರೆ ಬರೀ ನೋಂದಣಿ ಪತ್ರ ಇದೆ ಅಂತ ಸಮಾಧಾನ ಪಡಬೇಡಿ. ಅದು ವಂಶಾವಳಿಯ ದಾಖಲೆ, ಆರೋಗ್ಯದ ಗ್ಯಾರಂಟಿ ಅಲ್ಲ. ಆ ಪತ್ರದಲ್ಲಿ "ಇದರ ಮರಿಗಳನ್ನು ನೋಂದಾಯಿಸುವಂತಿಲ್ಲ" ಅಂತ ಷರತ್ತು ಇದ್ದರೆ ಗಾಬರಿ ಬೇಡ. ಮನೆಗೆ ಕೊಡುವ ಮರಿಗೆ ಒಳ್ಳೆ ಬ್ರೀಡರ್‌ಗಳು ಬೇಕಂತಲೇ ಹಾಕುವ ಷರತ್ತು ಅದು.

ನಮ್ಮ ಮುಧೋಳ ನಾಯಿಯ ಬಗ್ಗೆ ಹೇಳದಿದ್ದರೆ ಹೇಗೆ? 2005 ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ನಾಯಿ. ಮುಧೋಳ, ಲೋಕಾಪುರ, ಜಮಖಂಡಿ ಸುತ್ತ ಹಳ್ಳಿಗಳಲ್ಲಿ ಓಡುವ ನಾಯಿಗೇ ಬೆಲೆ. ಉಸಿರು ಕಟ್ಟುವ ನಾಯಿ ಮೊಲದ ಹಿಂದೆ ಓಡಲಾರದು, ಅಂಥದರ ಮರಿ ಯಾರಿಗೂ ಬೇಡ. ಆ ಕಣ್ಣು ನಮ್ಮವರಿಗೆ ಮೊದಲಿಂದಲೂ ಇದೆ. ಅದನ್ನು ಇಲ್ಲಿಗೂ ತನ್ನಿ ಅನ್ನೋದೇ ನನ್ನ ಆಸೆ. ಊರಿಂದ ಮುಧೋಳ ಮರಿಯನ್ನೇ ತರ್ತೀವಿ ಅನ್ನುವವರಿಗೆ ದಾರಿ ಇದೆ, ಆದರೆ ಉದ್ದ ಇದೆ. ಮೊದಲು ಮೈಕ್ರೋಚಿಪ್ (ಚರ್ಮದಡಿ ಹಾಕುವ ಗುರುತಿನ ಚಿಪ್), ಆಮೇಲೆ ರೇಬಿಸ್ ಲಸಿಕೆ, ಅದಾಗಿ ಕನಿಷ್ಠ 30 ದಿನಕ್ಕೆ ರಕ್ತ ಪರೀಕ್ಷೆ. ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು. ಹೊರಡುವ ಮುಂಚೆ ಲಾಡಿಹುಳದ ಔಷಧಿ. ವಿಮಾನದಲ್ಲಿ ಕಾರ್ಗೋ ಆಗಿಯೇ ಬರಬೇಕು. ಮೈಮೇಲೆ ಕೊಬ್ಬಿಲ್ಲದ, ಕೂದಲು ಕಡಿಮೆ ಇರುವ ನಾಯಿ, ಇಲ್ಲಿನ ಜನವರಿ ಅದಕ್ಕೆ ಕಷ್ಟ. ಓಡೋಕೆ ಬಯಲು ಬೇಕು.

ಇದರ ಉಲ್ಟಾನೂ ನಡೆಯುತ್ತಿದೆ. ಇಲ್ಲಿಂದ ದುಡ್ಡು ಕಳಿಸಿ ವಿಜಯಪುರದಲ್ಲಿರುವ ಅಪ್ಪ ಅಮ್ಮನಿಗೆ ಹಸ್ಕಿ, ಸೇಂಟ್ ಬರ್ನಾರ್ಡ್ ಕೊಡಿಸುತ್ತಾರೆ. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಹಿಮದ ನಾಡಿನ ನಾಯಿ ದಿನವಿಡೀ ತೇಕುತ್ತಾ ಬಿದ್ದಿರುತ್ತದೆ. ದಯವಿಟ್ಟು ಬೇಡ. ಅವರಿಗೆ ನಾಯಿ ಬೇಕೇ ಬೇಕು ಅಂದರೆ ಮುಧೋಳ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ಇದೆ, ಅಲ್ಲಿ ಮುಧೋಳ ಮರಿಗಳನ್ನು ಕೊಡುತ್ತಾರೆ. ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಖಾಸಗಿಯವರ ಹತ್ತಿರ ತಗೊಳ್ಳುವುದಾದರೆ ಭಾರತದಲ್ಲೂ 2017 ರಿಂದ ನಿಯಮ ಇದೆ ಅನ್ನೋದು ನೆನಪಿರಲಿ. ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, 8 ವಾರದೊಳಗಿನ ಮರಿ ಮಾರುವಂತಿಲ್ಲ. ವಾಟ್ಸಾಪಿನಲ್ಲಿ ಫೋಟೋ ನೋಡಿ ದುಡ್ಡು ಹಾಕಬೇಡಿ. ನೆಂಟರೊಬ್ಬರನ್ನು ಕಳಿಸಿ, ತಾಯಿ ನಾಯಿಯ ವಿಡಿಯೋ ಕಾಲ್ ಮಾಡಿಸಿ.

ಕೊನೆಗೆ ಇಂಗ್ಲೆಂಡಿನಲ್ಲಿ ಮರಿ ಕೊಳ್ಳುವಾಗ ಮತ್ತು ಅದು ಮನೆಗೆ ಬಂದ ಮೊದಲ ವಾರ ಮಾಡಬೇಕಾದ ಕೆಲಸ. ಅಡ್ವಾನ್ಸ್ ಕೊಡುವ ಮುಂಚೆಯೇ ಲಿಖಿತ ಒಪ್ಪಂದ ಮಾಡಿಸಿಕೊಳ್ಳಿ. ಆರ್‌ಎಸ್‌ಪಿಸಿಎ ಮತ್ತು ಪಶುವೈದ್ಯರು ಸೇರಿ ಮಾಡಿದ ಪಪ್ಪಿ ಕಾಂಟ್ರಾಕ್ಟ್ ಅಂತ ಒಂದು ನಮೂನೆ ಇದೆ, ಪುಕ್ಕಟೆ ಸಿಗುತ್ತದೆ. ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮಾರಿದವರು ವ್ಯಾಪಾರಿ ಆಗಿದ್ದರೆ 2015 ರ ಗ್ರಾಹಕ ಕಾನೂನಿನಡಿ ದೋಷ ಕಂಡ ಮರಿಯ ಬಗ್ಗೆ 30 ದಿನದೊಳಗೆ ದುಡ್ಡು ವಾಪಸ್ ಕೇಳಬಹುದು. ಅದಕ್ಕೇ ಮೊದಲ ವಾರದಲ್ಲೇ ವೆಟ್ ಹತ್ತಿರ ತೋರಿಸಿ, ಬರಹದಲ್ಲಿ ರಿಪೋರ್ಟ್ ತಗೊಳ್ಳಿ. ನಾಯಿಗೆ ಎನ್‌ಎಚ್‌ಎಸ್ ಥರದ ಸರ್ಕಾರಿ ಚಿಕಿತ್ಸೆ ಇಲ್ಲ, ಒಂದು ಆಪರೇಷನ್‌ಗೆ ಸಾವಿರಾರು ಪೌಂಡ್ ಆಗಬಹುದು. ಮೊದಲೇ ಇದ್ದ ಕಾಯಿಲೆಗೆ ಇನ್ಶೂರೆನ್ಸ್ ಕೊಡುವುದಿಲ್ಲ. ಅದಕ್ಕೆ ಮೊದಲ ದಿನದಿಂದಲೇ ಪಾಲಿಸಿ ಮಾಡಿಸಿ, ವರ್ಷ ವರ್ಷ ಮುಂದುವರಿಯುವ ಲೈಫ್‌ಟೈಮ್ ಪಾಲಿಸಿಯನ್ನೇ ಮಾಡಿಸಿ. ಮೈಕ್ರೋಚಿಪ್ 2016 ರಿಂದ ಕಡ್ಡಾಯ, 8 ವಾರದೊಳಗೆ ಬ್ರೀಡರ್ ಹೆಸರಿನಲ್ಲೇ ಹಾಕಿಸಿರಬೇಕು. ಚಿಪ್‌ನಲ್ಲಿ ಬ್ರೀಡರ್ ಬಿಟ್ಟು ಬೇರೆಯವರ ಹೆಸರಿದ್ದರೆ ಮರಿ ಎಲ್ಲಿಂದಲೋ ಬಂದಿದೆ, ಕೌನ್ಸಿಲ್‌ಗೆ ತಿಳಿಸಿ. ಎಲ್ಲ ಸರಿ ಇದ್ದರೆ ಹೆಸರು, ವಿಳಾಸ, ಫೋನ್ ನಂಬರ್ ನಿಮ್ಮದಕ್ಕೆ ಬದಲಾಯಿಸಿ. ಮುಂದೆ ಮನೆ ಬದಲಿಸಿದಾಗ ಅಲ್ಲೂ ವಿಳಾಸ ಬದಲಿಸೋದು ಮರೆಯಬೇಡಿ.