ಜೇಬಿನ ಟಾರ್ಚ್: ಎಷ್ಟು ಬೆಳಕಲ್ಲ, ಎಂಥ ಬೆಳಕು

ಟಾರ್ಚ್ ಕೇಳಿದರೆ ಅಂಗಡಿಯವರು ಅದನ್ನು ಎದುರು ಕಟ್ಟಡದ ಮೂರನೇ ಮಹಡಿಗೆ ಬಿಟ್ಟು ತೋರಿಸುತ್ತಾರೆ. ನಮಗೆ ಬೇಕಾದದ್ದು ಕರೆಂಟು ಹೋದಾಗ ಫ್ಯೂಸ್ ನೋಡಲು, ರಾತ್ರಿ ಹಿತ್ತಲಿಗೆ ಹೋಗಿಬರಲು. ಆ ಮೂರನೇ ಮಹಡಿಯಲ್ಲಿ ನಮಗೇನೂ ಕೆಲಸವಿಲ್ಲ.

ಆದ್ದರಿಂದ ಮೊದಲು ಬೆಳಕಿನ ಹರವು ನೋಡಿ. ಬಿಳಿ ಗೋಡೆಯಿಂದ ಒಂದು ಮೀಟರ್ ದೂರ ನಿಂತು ಟಾರ್ಚ್ ಹಾಕಿ. ನಡುವೆ ಕಣ್ಣು ಕುಕ್ಕುವ ಚುಕ್ಕೆ, ಸುತ್ತ ಬರೀ ಮಬ್ಬು ಇದ್ದರೆ ಅದು ದೂರಕ್ಕೆ ಹೊಡೆಯುವ ಟಾರ್ಚ್. ನುಣುಪಾದ, ಆಳವಾದ ಪ್ರತಿಫಲಕದೊಳಗೆ ಪುಟ್ಟ ಎಲ್‌ಇಡಿ ಇಟ್ಟರೆ ಹೀಗಾಗುತ್ತದೆ. ಪ್ರತಿಫಲಕದ ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದ್ದರೆ ಚುಕ್ಕೆಯ ಅಂಚು ಮೆತ್ತಗಾಗುತ್ತದೆ. ಪ್ರತಿಫಲಕದ ಬದಲು ಎಲ್‌ಇಡಿಯ ಮೇಲೆ ಪ್ಲಾಸ್ಟಿಕ್ ಮಸೂರ ಕೂರಿಸಿದವೂ ಇವೆ. ಮಸೂರದ ಮುಖ ಸಣ್ಣ ಸಣ್ಣ ಉಬ್ಬುಗಳಿಂದ ಕೂಡಿದ್ದರೆ ಬೆಳಕು ಒಂದೇ ಸಮನೆ ಹರಡುತ್ತದೆ. ಹತ್ತಿರದ ಕೆಲಸಕ್ಕೆ ನನ್ನ ಮತ ಇದಕ್ಕೇ.

ಪೆಟ್ಟಿಗೆಯ ಮೇಲೆ ‘100 ಮೀಟರ್’ ಎಂದಿದ್ದರೆ ಹಿಗ್ಗಬೇಡಿ. ಬೆಳಕು 0.25 ಲಕ್ಸ್‌ಗೆ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ ಇಳಿಯುವ ದೂರವದು. ಬೆಳದಿಂಗಳಲ್ಲಿ ಹಾವು ಕಂಡೀತೇ? ಅದರ ಅರ್ಧವನ್ನಷ್ಟೇ ನಂಬಿ.

ಇನ್ನು ಬಣ್ಣ. ಇಲ್ಲಿ ಅವಸರ ಬೇಡ. 6500 ಕೆಲ್ವಿನ್ ಎಂದರೆ ನೀಲಿ ಬೆರೆತ ಬಿಳುಪು, 3000 ಎಂದರೆ ಹಳೆಯ ಬಲ್ಬಿನ ಹಳದಿ. 4000ದಿಂದ 5000ದ ನಡುವಿನದು ಕಣ್ಣಿಗೆ ಹಿತ. ಅದಕ್ಕಿಂತ ಮುಖ್ಯವಾದದ್ದು ಬಣ್ಣಗಳನ್ನು ನಿಜದಂತೆ ತೋರಿಸುವ ಗುಣ, ಅಂದರೆ ಸಿಆರ್‌ಐ. ಅಗ್ಗದ ಟಾರ್ಚ್‌ಗಳ ಬೆಳಕಿನಲ್ಲಿ ಕೆಂಪು ಕಡಿಮೆ. ಒಣ ತರಗೆಲೆಯ ಮೇಲೆ ಮಲಗಿದ ಕೊಳಕುಮಂಡಲ ಅಂಥ ಬೆಳಕಿನಲ್ಲಿ ಎಲೆಯೊಳಗೇ ಕರಗಿಹೋಗುತ್ತದೆ. ಸಿಆರ್‌ಐ ನೂರಕ್ಕೆ 90 ದಾಟಿದ್ದರೆ ಕಂದು ಬೇರೆ, ಬೂದು ಬೇರೆ ಎಂದು ಕಾಣುತ್ತದೆ. ನಿಚಿಯಾ 519ಎ ಎಂಬ ಎಲ್‌ಇಡಿಗೆ ಹೆಸರು ಬಂದದ್ದೂ ಇದರಿಂದಲೇ. ಲ್ಯೂಮೆನ್, ಅಂದರೆ ಟಾರ್ಚ್ ಸೂಸುವ ಒಟ್ಟು ಬೆಳಕಿನ ಅಳತೆ, ಸ್ವಲ್ಪ ಕಡಿಮೆಯಾದೀತು, ಆಗಲಿ. ಅಂಗಡಿಯಲ್ಲೇ ಅಂಗೈಗೆ ಬೆಳಕು ಬಿಟ್ಟು ನೋಡಿ: ರಕ್ತ ಹರಿಯುವ ಕೈಯಂತೆ ಕಾಣಬೇಕು, ಹೆಣದ ಕೈಯಂತಲ್ಲ.

ಐದು ಲ್ಯೂಮೆನ್‌ಗಿಂತ ಕೆಳಗಿಳಿಯುವ ಮಂದ ಬೆಳಕೂ ಇರಲಿ. ನಡುರಾತ್ರಿ ಹಾಕಿದರೂ ಮಗು ಏಳುವುದಿಲ್ಲ. ಆ ಮಂದ ಬೆಳಕನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡಿದಾಗ ದಪ್ಪ ಪಟ್ಟೆಗಳು ಓಡಿದರೆ ಅದು ಮಿಣುಕುತ್ತಿದೆ ಎಂದರ್ಥ, ಅಂಥದ್ದು ಬೇಡ. ಸೆಲ್ ಮಾತ್ರ ಕಿರಾಣಿ ಅಂಗಡಿಯಲ್ಲಿ ಸಿಗುವ ಎಎ ಆಗಿರಲಿ, ತಿಂಗಳುಗಟ್ಟಲೆ ಬಳಸದಿದ್ದರೆ ಹೊರಗೆ ತೆಗೆದಿಡಿ. ಸೋರಿದರೆ ಟಾರ್ಚ್ ಕೆಟ್ಟಂತೆಯೇ.