ಮಂಗಳೂರಿನಲ್ಲಿ ಹುಟ್ಟುಹಬ್ಬದ ರಾತ್ರಿ ಊಟಕ್ಕೆ ಹೋಟೆಲ್ ಹುಡುಕುವಾಗ

ಮಂಗಳೂರಿನಲ್ಲಿ ಒಳ್ಳೆಯ ಮೀನೂಟ ಎಲ್ಲಿ ಸಿಗುತ್ತದೆ ಎಂದು ಯಾರನ್ನು ಕೇಳಿದರೂ ತಕ್ಷಣ ಮೂರ್ನಾಲ್ಕು ಹೆಸರು ಬರುತ್ತವೆ. ಬಂದರಿನ ನಾರಾಯಣ, ರಥಬೀದಿಯ ಗಿರಿಮಂಜಾಸ್, ಶರವು ದೇವಸ್ಥಾನದ ರಸ್ತೆಯ ಮಛಲಿ. ಊಟದ ವಿಷಯದಲ್ಲಿ ಇವುಗಳ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಹುಟ್ಟುಹಬ್ಬಕ್ಕೆ ಹತ್ತು ಜನರನ್ನು ಕಟ್ಟಿಕೊಂಡು ರಾತ್ರಿ ಹೋಗುವುದಕ್ಕೆ ಹೆಸರು ಕೇಳಿದರೆ ಸಾಲದು. ಇಂಥ ಹೋಟೆಲುಗಳ ಜೀವ ಇರುವುದು ಮಧ್ಯಾಹ್ನದಲ್ಲಿ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಕಾವಲಿಯಿಂದ ಆಗಷ್ಟೇ ಇಳಿದ ಬಂಗುಡೆ, ಬೆನ್ನ ಹಿಂದೆ ನಿಮ್ಮ ಕುರ್ಚಿಗಾಗಿ ಕಾಯುತ್ತಿರುವ ಇನ್ನೊಬ್ಬರು. ಅಲ್ಲಿ ಎರಡು ಗಂಟೆ ಕೂತು ಹರಟೆ ಹೊಡೆಯಲು ಆಗುವುದಿಲ್ಲ, ಹೊಡೆಯಲೂ ಬಾರದು.

ಹಾಗಾಗಿ ಮೊದಲು ಒಂದು ವಿಷಯ ತೀರ್ಮಾನ ಮಾಡಿ. ಹುಟ್ಟುಹಬ್ಬದವರಿಗೆ ಮೀನು ಮುಖ್ಯವಾ, ಎಲ್ಲರ ಜೊತೆ ಕೂರುವುದು ಮುಖ್ಯವಾ? ಮೀನು ಅಂದರೆ ಜೀವ ಬಿಡುವವರಾದರೆ ರಾತ್ರಿಯ ಯೋಚನೆ ಬಿಟ್ಟು ಮಧ್ಯಾಹ್ನವೇ ಕರೆದುಕೊಂಡು ಹೋಗಿ, ನಾಲ್ಕೇ ಜನ ಹೋಗಿ. ಕೂರುವುದೇ ಮುಖ್ಯ ಅಂತಾದರೆ ಮೇಜು ಕಾದಿರಿಸಲು ಒಪ್ಪುವ, ಎದ್ದೇಳಿ ಅಂತ ಅವಸರ ಮಾಡದ, ಪಕ್ಕದವರ ಮಾತು ಕೇಳಿಸುವಷ್ಟು ಸದ್ದು ಕಡಿಮೆ ಇರುವ ಜಾಗ ಹುಡುಕಿ. ಎರಡೂ ಒಂದೇ ಕಡೆ ಸಿಗಲಿ ಅಂತ ಹಟ ಹಿಡಿದರೆ ಎರಡೂ ಅರ್ಧಂಬರ್ಧ ಆಗುತ್ತವೆ.

ಅಮ್ಮನ 60ನೇ ಹುಟ್ಟುಹಬ್ಬದಲ್ಲಿ ನಮಗೆ ಹಾಗೇ ಆಯಿತು. ಸಮುದ್ರ ಕಾಣುತ್ತದೆ ಎಂಬ ಒಂದೇ ಆಸೆಗೆ ಮಹಡಿ ಮೇಲಿನ ಒಂದು ಹೋಟೆಲ್ ಕಾದಿರಿಸಿದೆ. ಜುಲೈ ತಿಂಗಳು. ಲಿಫ್ಟ್ ಇಲ್ಲ ಅಂತ ಗೊತ್ತಾಗಿದ್ದು ಅಲ್ಲಿ ಹೋದ ಮೇಲೆ. ಮಂಡಿ ನೋವಿನ ಅಮ್ಮ ಮೂರು ಮಹಡಿ ಹತ್ತಿದರು. ಮಳೆಗೆ ಸುತ್ತಲೂ ಪ್ಲಾಸ್ಟಿಕ್ ಪರದೆ ಇಳಿಸಿದ್ದರು, ಹೊರಗೆ ಏನೂ ಕಾಣಲಿಲ್ಲ. ಅಂಜಲ್ ಮೀನಿನ ತವಾ ಫ್ರೈ ಬಂತು. ಅಮ್ಮ ಒಂದು ತುಂಡು ಬಾಯಿಗಿಟ್ಟು, ‘ಇದು ಎಲ್ಲಿಯ ಮೀನು?’ ಎಂದು ಮೆಲ್ಲಗೆ ಕೇಳಿದರು. ಅಷ್ಟೇ. ಮತ್ತೆ ಆ ತಟ್ಟೆ ಮುಟ್ಟಲಿಲ್ಲ. ನನಗೆ ಇವತ್ತಿಗೂ ಅದು ಬೇಜಾರು.

ಜುಲೈಯಲ್ಲಿ ಅಂಜಲ್ ಕೇಳಲೇಬಾರದಿತ್ತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅದು. ಧಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಬೋಟುಗಳೆಲ್ಲ ಒಂದಕ್ಕೊಂದು ಒರಗಿ ನಿಂತಿರುತ್ತವೆ. ನಾಡದೋಣಿಯವರು ತಂದ ಒಂದಷ್ಟು ಮೀನು ಸಿಗುತ್ತದೆ, ಉಳಿದದ್ದು ಹೊರಗಿನಿಂದ ಬಂದದ್ದು ಅಥವಾ ಶೀತಲಗೃಹದ್ದು. ಆ ಎರಡು ತಿಂಗಳಲ್ಲಿ ಹುಟ್ಟುಹಬ್ಬ ಬಂದರೆ ಕೋರಿ ರೊಟ್ಟಿ, ಕೋಳಿ ಸುಕ್ಕ, ನೀರ್ ದೋಸೆ, ಘೀ ರೋಸ್ಟ್ ಚೆನ್ನಾಗಿ ಮಾಡುವ ಕಡೆ ಹೋಗಿ. ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಪತ್ರೊಡೆ ಮಾಡುವ ಹೋಟೆಲ್ ಸಿಕ್ಕಿದರೆ ಇನ್ನೂ ಒಳ್ಳೆಯದು.

ಉಳಿದ ತಿಂಗಳಲ್ಲೂ ಬೋಟಿನ ಲೆಕ್ಕ ಸ್ವಲ್ಪ ಗೊತ್ತಿರಲಿ. ಬಂಗುಡೆ, ಬೂತಾಯಿ ತರುವ ಪರ್ಸಿನ್ ಬೋಟುಗಳು ಸಾಮಾನ್ಯವಾಗಿ ಬೆಳಗಿನ ಜಾವ ಹೋಗಿ ಅದೇ ದಿನ ವಾಪಸ್ ಬರುತ್ತವೆ. ಆಳಸಮುದ್ರದ ಟ್ರಾಲ್ ಬೋಟುಗಳು ಐಸ್ ತುಂಬಿಕೊಂಡು ವಾರ, ಹತ್ತು ದಿನ ಕಡಲಲ್ಲೇ ಇರುತ್ತವೆ. ಹಾಗಾಗಿ ಜಾಸ್ತಿ ದುಡ್ಡಿನ ಮೀನೇ ಜಾಸ್ತಿ ತಾಜಾ ಅಂತೇನಿಲ್ಲ. ಎಷ್ಟೋ ಸಲ ಸುಮ್ನೆ ಒಂದು ಬಂಗುಡೆಯ ಹುಳಿ-ಖಾರದ ಪುಳಿಮುಂಚಿಗಿರುವ ರುಚಿ ದೊಡ್ಡ ಮಾಂಜಿಗೆ (ಪಾಂಫ್ರೆಟ್) ಇರುವುದಿಲ್ಲ. ಫೋನ್ ಮಾಡಿದಾಗ ‘ತಾಜಾ ಮೀನು ಉಂಟಾ?’ ಎಂದು ಕೇಳಬೇಡಿ, ಇಲ್ಲ ಅಂತ ಯಾರೂ ಹೇಳುವುದಿಲ್ಲ. ‘ಇವತ್ತು ಧಕ್ಕೆಯಿಂದ ಏನು ಬಂತು?’ ಎಂದು ಕೇಳಿ. ಕಾಣೆ ಮೀನು ಉಂಟು, ನಂಗ್ ಮೀನು ಉಂಟು, ಅಂಜಲ್ ಇವತ್ತು ಬೇಡ ಅಂತ ಹೇಳುವ ಹೋಟೆಲನ್ನು ನಾನು ಕಣ್ಣು ಮುಚ್ಚಿ ನಂಬುತ್ತೇನೆ. ಮೀನು ತಂದು ತೋರಿಸುವ ಕಡೆ ನಾಚಿಕೆ ಇಲ್ಲದೆ ನೋಡಿ. ಕಣ್ಣು ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಒತ್ತಿದ ಜಾಗ ಮತ್ತೆ ಉಬ್ಬಬೇಕು.

ಸಮುದ್ರ ನೋಡುತ್ತಾ ಊಟ ಮಾಡುವ ಆಸೆ ಎಲ್ಲರಿಗೂ ಇರುತ್ತದೆ, ಅದರಲ್ಲೂ ಬೆಂಗಳೂರಿನಿಂದ ಬರುವ ನೆಂಟರಿಗೆ. ಆದರೆ ಹಳೆ ಬಂದರಿನ ಎದುರು ಇರುವುದು ಕಡಲಲ್ಲ, ನದಿ. ಅದರಾಚೆ ಬೆಂಗ್ರೆಯ ಮರಳ ದಿಬ್ಬ, ಕಡಲು ಅದಕ್ಕೂ ಆಚೆ. ಇನ್ನೊಂದು, ನಮ್ಮಲ್ಲಿ ಡಿಸೆಂಬರಿನಲ್ಲಿ 6ರ ಸುಮಾರಿಗೆ, ಜೂನಿನಲ್ಲಿ 7ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. 8 ಗಂಟೆಗೆ ಹೋಗಿ ಕೂತರೆ ಕಾಣುವುದು ಕತ್ತಲೆ ಮಾತ್ರ, ಅಲ್ವಾ? ಅದರ ಬದಲು ಸಂಜೆ 5ಕ್ಕೆ ಎಲ್ಲರೂ ಪಣಂಬೂರಿಗೋ, ಸುಲ್ತಾನ್ ಬತ್ತೇರಿಯಿಂದ ದೋಣಿ ದಾಟಿ ತಣ್ಣೀರುಬಾವಿಗೋ ಹೋಗಿ ಬನ್ನಿ. ಕಾಲು ಒದ್ದೆ ಮಾಡಿಕೊಂಡು, ಹಸಿವಾಗಿಸಿಕೊಂಡು, ಆಮೇಲೆ ಪೇಟೆಯೊಳಗಿನ ಒಳ್ಳೆಯ ಹೋಟೆಲಿಗೆ ಹೋಗಿ ಕೂರಿ. ದೋಣಿ ಎಷ್ಟು ಹೊತ್ತಿನವರೆಗೆ ಇರುತ್ತದೆ ಎಂದು ಆಚೆ ದಡಕ್ಕೆ ಹೋಗುವ ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನು ಬರುವವರ ವಿಷಯ. ಇದಕ್ಕೆ ಒಂದು ಸಂಜೆ ಖರ್ಚು ಮಾಡಿದರೂ ತಪ್ಪಿಲ್ಲ. ನಮ್ಮ ಊರಿನ ಒಂದೇ ಮೇಜಿನಲ್ಲಿ ಸೋಮವಾರ ಮೀನು ಮುಟ್ಟದ ದೊಡ್ಡಮ್ಮ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಮಾಂಸ ಬಿಟ್ಟಿರುವ ಕ್ಯಾಥೊಲಿಕ್ ಗೆಳತಿ, ಹಲಾಲ್ ಹೌದಾ ಎಂದು ಕೇಳುವ ಬ್ಯಾರಿ ಸ್ನೇಹಿತ, ಈರುಳ್ಳಿಯನ್ನೂ ತಿನ್ನದ ಪಕ್ಕದ ಮನೆಯವರು ಎಲ್ಲರೂ ಇರುತ್ತಾರೆ. ಸಸ್ಯಾಹಾರಿಗಳಿದ್ದರೆ ಮೀನಿನ ಎಣ್ಣೆ, ಕಾವಲಿ ಬೇರೆಯಾ ಎಂದು ಮೊದಲೇ ಕೇಳಿ. ಅವರಿಗೆ ಒಂದು ಗೋಬಿ ಮಂಚೂರಿ ಕೊಟ್ಟು ಕೂರಿಸುವುದು ಸರಿಯಲ್ಲ. ಸಿಗಡಿ, ಏಡಿ ಆಗದವರು ಇದ್ದಾರಾ ಎಂದೂ ವಿಚಾರಿಸಿ, ಕೆಲವರಿಗೆ ಅದು ಜೀವಕ್ಕೇ ಅಪಾಯ. ಚಿಕ್ಕ ಮಕ್ಕಳಿಗೂ ವಯಸ್ಸಾದವರಿಗೂ ಮುಳ್ಳು ಕಡಿಮೆ ಇರುವ ಅಂಜಲ್ ತುಂಡು ಹೇಳಿ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಮೆನುವಿನಲ್ಲಿ ಮೀನಿನ ಮುಂದೆ ಬೆಲೆ ಬದಲು ‘ಗಾತ್ರದ ಪ್ರಕಾರ’ ಎಂದಿದ್ದರೆ, ಕಾವಲಿಗೆ ಹಾಕುವ ಮೊದಲು ಈ ಮೀನಿಗೆ ಎಷ್ಟು ಎಂದು ಕೇಳಿ. ಕೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಸಾಮಾನ್ಯ ಹೋಟೆಲಿನ ಬಿಲ್ಲಿಗೆ 5% ಜಿಎಸ್‌ಟಿ ಸೇರುತ್ತದೆ. ಸರ್ವೀಸ್ ಚಾರ್ಜ್ ಬೇರೆ ವಿಷಯ. ಕೇಳದೆಯೇ ಅದನ್ನು ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿ ಹಿಡಿದಿದೆ. ತೆಗೆಯಿರಿ ಎಂದು ಹೇಳಿ, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಡಿಸಿದ ಹುಡುಗನ ಕೈಗೆ ಮಾತ್ರ ಧಾರಾಳವಾಗಿ ಕೊಡಿ.

ಹೋಟೆಲ್ ಗೊತ್ತಾದ ಮೇಲೆ, ಎರಡು ದಿನ ಮೊದಲು ಅದೇ ರಾತ್ರಿ ಹೊತ್ತಿಗೆ ಒಬ್ಬರೇ ಹೋಗಿ ಒಂದು ತಟ್ಟೆ ತಿಂದು ಬನ್ನಿ. ಮೆಟ್ಟಿಲು, ಶೌಚಾಲಯ, ಕಾರು ನಿಲ್ಲಿಸುವ ಜಾಗ, ಹಾಡಿನ ಸದ್ದು, ಎಲ್ಲವೂ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಹಂಪನಕಟ್ಟೆ ಸುತ್ತಮುತ್ತ ಆದರೆ ಕಾರಿನ ವಿಷಯ ಖಂಡಿತ ನೋಡಿ. ಕೇಕ್ ಹೊರಗಿನಿಂದ ತರಬಹುದಾ, ಫ್ರಿಜ್ಜಿನಲ್ಲಿ ಇಡುತ್ತಾರಾ ಎಂದೂ ಆಗಲೇ ಕೇಳಿ. ನೊರೆ ಸ್ಪ್ರೇ ಬೇಡವೇ ಬೇಡ, ಮೇಣದಬತ್ತಿಯ ಹತ್ತಿರ ಅದಕ್ಕೆ ಬೆಂಕಿ ಹಿಡಿಯುತ್ತದೆ.

ಹೋಟೆಲಿನಲ್ಲಿ ಸಿಹಿ ತಿಂಡಿ ಹೇಳಬೇಡಿ. ಮೇಜನ್ನು 7:30ಕ್ಕೇ ಹಿಡಿದುಕೊಂಡರೆ, ಊಟ ಮುಗಿಸಿ ಐಸ್‌ಕ್ರೀಮಿಗೆ ಹೋಗಲು ಸಮಯ ಉಳಿಯುತ್ತದೆ. ಲಾಲ್‌ಬಾಗಿನ ಪಬ್ಬಾಸ್‌ಗೋ, 1975ರಿಂದ ಇರುವ ಐಡಿಯಲ್‌ಗೋ ಹೋಗಿ ಗಡ್‌ಬಡ್ ಹೇಳಿ, ಹುಟ್ಟುಹಬ್ಬದವರಿಗೆ ಉದ್ದ ಗ್ಲಾಸು, ಉದ್ದ ಚಮಚ. ಕಳೆದ ಜುಲೈಯಲ್ಲಿ ನಾವು ಹೀಗೇ ಮಾಡಿದೆವು. ನೆಲಮಹಡಿಯ ಒಂದು ಸಣ್ಣ ಹೋಟೆಲ್, ಕೋರಿ ರೊಟ್ಟಿ, ಆಮೇಲೆ ಐಸ್‌ಕ್ರೀಮ್. ಅಮ್ಮ ಗ್ಲಾಸಿನ ತಳದ ಜೆಲ್ಲಿಯವರೆಗೂ ತಿಂದರು.