ಆಯಿಲ್ ಕ್ಯಾಪಲ್ಲಿ ಬಿಳಿ ಕೆನೆ ಕಂಡ್ರೆ ಎಂಜಿನ್ ಬಿಚ್ಚಿಸೋಕೆ ಮುಂಚೆ ಇಷ್ಟು ನೋಡಿ

ಹೋದ ಮಳೆಗಾಲ ಮಡಿಕೇರಿಲಿ ನಮ್ಮ ಪೆಟ್ರೋಲ್ ಕಾರಿನ ಆಯಿಲ್ ಕ್ಯಾಪ್ ತೆಗೆದ್ರೆ ಒಳಗಡೆ ಹಾಲಿನ ಕೆನೆ ಥರ ಬಿಳಿ ಪೇಸ್ಟ್ ಅಂಟ್ಕೊಂಡಿತ್ತು. ಗ್ಯಾರೇಜಿಗೆ ತಗೊಂಡೋದ್ರೆ ಡಿಪ್‌ಸ್ಟಿಕ್ (ಆಯಿಲ್ ಲೆವೆಲ್ ನೋಡೋ ಕಡ್ಡಿ) ಕೂಡ ಎಳೆದು ನೋಡದೇನೇ "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಹೆಡ್ ಇಳಿಸ್ಬೇಕು" ಅಂದ್ಬಿಟ್ರು. ಹೆಡ್ ಗ್ಯಾಸ್ಕೆಟ್ ಅಂದ್ರೆ ಎಂಜಿನ್ ಬ್ಲಾಕಿಗೂ ಅದ್ರ ಮೇಲಿನ ಹೆಡ್ಡಿಗೂ ನಡುವೆ ಇರೋ ಸೀಲ್, ಅದು ಹೋದ್ರೆ ಎಂಜಿನ್ ತಣ್ಣಗಿಡೋ ಕೂಲೆಂಟ್ ನೀರು ಆಯಿಲಿಗೆ ಸೇರ್ಬಹುದು. ನಮ್ಮದ್ರಲ್ಲಿ ಗ್ಯಾಸ್ಕೆಟ್ ಚೆನ್ನಾಗೇ ಇತ್ತು. ಆ ಎರಡು ತಿಂಗಳು ಕಾರು ಓಡಿದ್ದು ಮನೆಯಿಂದ ಸ್ಕೂಲಿಗೆ ಎರಡು ಕಿಲೋಮೀಟರು, ಮತ್ತೆ ವಾಪಸ್, ಅಷ್ಟೇ.

ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತೆ, ಅದ್ರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗಿಳಿದು ಆಯಿಲ್ ಇರೋ ಕಡೆ ಸೇರುತ್ತೆ, ಎಂಜಿನ್ ಪೂರ್ತಿ ಬಿಸಿ ಆದ್ರೆ ಅದು ಹಾರ್ಹೋಗುತ್ತೆ, ಆಗ್ಲಿಲ್ಲ ಅಂದ್ರೆ ತಣ್ಣಗಿರೋ ಕ್ಯಾಪಿಗೆ ಬಂದು ನೀರಾಗಿ ಆಯಿಲ್ ಜೊತೆ ಕಡೆದ ಹಾಗಾಗಿ ಕೆನೆ ಕಟ್ಟುತ್ತೆ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದ್ರೂ ಆಯಿಲ್ ಬಿಸಿಯಾಗೋಕೆ ಇನ್ನೂ ಟೈಮ್ ಬೇಕು. ನಾನು ಕ್ಯಾಪ್ ಒರೆಸಿ ಮೈಸೂರಿಗೆ ಹೋಗಿ ಬಂದೆ, ಆಮೇಲೆ ಕ್ಯಾಪ್ ಕ್ಲೀನಾಗಿತ್ತು.

ಹಂಗಾಗಿ ಕ್ಯಾಪ್ ನೋಡಿ ತೀರ್ಮಾನ ಮಾಡ್ಬೇಡಿ, ಡಿಪ್‌ಸ್ಟಿಕ್ ನೋಡಿ. ಬೆಳಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ, ಸಮತಟ್ಟು ಜಾಗದಲ್ಲಿ ಎಳೆದು ಬಿಳಿ ಬಟ್ಟೆಗೆ ಒರೆಸಿ ಮತ್ತೆ ಅದ್ದಿ ತೆಗೀರಿ. ಜೇನಿನ ಬಣ್ಣವೋ ಕಪ್ಪೋ ಇದ್ದು ಲೆವೆಲ್ ಮೊದ್ಲಿನಷ್ಟೇ ಇದ್ರೆ ಗಾಬರಿ ಬೇಡ. ಹಾಲು ಹಾಕಿದ ಕಾಫಿ ಬಣ್ಣ ಇದ್ದು ಲೆವೆಲ್ ಕೂಡ ಏರಿದ್ರೆ ಗಾಡಿ ಓಡಿಸೋದು ನಿಲ್ಲಿಸಿ, ಬೇರಿಂಗ್ ಹಾಳಾಗೋಕೆ ಜಾಸ್ತಿ ದಿನ ಬೇಡ. ಬಿಎಸ್6 ಡೀಸೆಲ್ ಗಾಡಿಲಿ ಲೆವೆಲ್ ಏರಿದೆ ಆದ್ರೆ ಬಣ್ಣ ಕಪ್ಪೇ ಇದೆ, ಡೀಸೆಲ್ ವಾಸನೆ ಬರ್ತಿದೆ ಅಂದ್ರೆ ಅದು ನೀರಲ್ಲ, ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಕ್ಲೀನ್ ಆಗುವಾಗ ಇಳಿದ ಡೀಸೆಲ್ ಇರ್ಬಹುದು.

ಜೊತೆಗೆ ಕೂಲೆಂಟ್ ಡಬ್ಬಿ ಮೇಲೆ ಮಾರ್ಕರಲ್ಲಿ ಗೆರೆ ಎಳೆದು ಒಂದು ವಾರ ದಿನಾ ಬೆಳಗ್ಗೆ ತಣ್ಣಗಿರುವಾಗ ನೋಡಿ. ಹೊರಗೆಲ್ಲೂ ಸೋರಿಕೆ ಕಾಣದೆ ಇಳೀತಾ ಇದ್ರೆ ಒಳಗೆಲ್ಲೋ ಹೋಗ್ತಿದೆ. ಬೆಳಗ್ಗೆ ಸ್ವಲ್ಪ ಹೊತ್ತು ಬಿಳಿ ಹೊಗೆ ಬರೋದು ಸಹಜ, ಬಿಸಿಯಾದ ಮೇಲೂ ನಿಲ್ದೆ ಸಿಹಿ ವಾಸನೆ ಬಂದ್ರೆ ಅದು ಕೂಲೆಂಟ್. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಬೇಡಿ, ಮುಖಕ್ಕೇ ಚಿಮ್ಮುತ್ತೆ.

ಇನ್ನೂ ಅನುಮಾನ ಇದ್ರೆ ಒಗ್ಗರಣೆ ಪರೀಕ್ಷೆ ಮಾಡಿ, ನಾನು ಹಂಗೇ ಕರೆಯೋದು. ಅಡುಗೆಗೆ ಬಳಸದ ಹಳೇ ಕಬ್ಬಿಣದ ಸೌಟನ್ನ ಅಂಗಳದಲ್ಲಿ ಸುಮಾರು 150 ಡಿಗ್ರಿಗೆ ಕಾಯಿಸಿ, ಅಂದ್ರೆ ನೀರಿನ ಹನಿ ಬಿದ್ರೆ ತಕ್ಷಣ ಚುರ್ ಅನ್ಬೇಕು, ಆಯಿಲ್ ಹೊಗೆ ಏಳ್ಬಾರ್ದು. ಸೌಟಲ್ಲಿ ನೀರು ಪೂರ್ತಿ ಆರಿದ ಮೇಲೆ ಒಲೆಯಿಂದ ಇಳಿಸಿ, ಕನ್ನಡಕ ಹಾಕ್ಕೊಂಡು, ಡಿಪ್‌ಸ್ಟಿಕ್‌ನಿಂದ ಒಂದೇ ಹನಿ ಬಿಡಿ. ಸಾಸಿವೆ ಸಿಡಿದ ಹಾಗೆ ಚಟಪಟ ಅಂದು ಗುಳ್ಳೆ ಎದ್ರೆ ನೀರಿದೆ, ಸುಮ್ನೆ ಹರಡ್ಕೊಂಡ್ರೆ ಇಲ್ಲ ಅಥವಾ ತೀರಾ ಕಮ್ಮಿ.

ನೀರು ಖಚಿತ ಆದ್ರೂ ನೇರ ಹೆಡ್ ಇಳಿಸೋಕೆ ಬಿಡ್ಬೇಡಿ. ಕೂಲಿಂಗ್ ಸಿಸ್ಟಮ್ ಪ್ರೆಶರ್ ಟೆಸ್ಟ್ (ಒತ್ತಡ ಕೊಟ್ಟು ಸೋರಿಕೆ ನೋಡೋದು) ಮಾಡಿ ಅಂತ ಕೇಳಿ. ರೇಡಿಯೇಟರ್ ಬಾಯಿಗೆ ಇಡೋ ಒಂದು ನೀಲಿ ದ್ರವದ ಟೆಸ್ಟ್ ಕೂಡ ಇದೆ, ಸಿಲಿಂಡರ್ ಗ್ಯಾಸ್ ಕೂಲೆಂಟಿಗೆ ಸೇರ್ತಿದ್ರೆ ಅದು ಹಳದಿಗೆ ತಿರುಗುತ್ತೆ. ಡೀಸೆಲ್ ಗಾಡಿ ಆದ್ರೆ ಆಯಿಲ್ ಕೂಲರ್ ಮೊದ್ಲು ನೋಡ್ಸಿ, ಅದ್ರೊಳಗೆ ಆಯಿಲೂ ಕೂಲೆಂಟೂ ಅಕ್ಕಪಕ್ಕ ಹರಿಯುತ್ತೆ, ಅದು ತೂತಾದ್ರೂ ಎರಡೂ ಬೆರೆಯುತ್ತೆ.

2022ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಕಡೆ ಆದಂಗೆ ಕಾರು ನೀರಲ್ಲಿ ಮುಳುಗಿದ್ರೆ ದಯವಿಟ್ಟು ಸ್ಟಾರ್ಟ್ ಮಾಡ್ಬೇಡಿ, ಒಂದ್ಸಲವೂ ಬೇಡ. ಸಿಲಿಂಡರ್ ಒಳಗೆ ಸೇರಿದ ನೀರನ್ನ ಪಿಸ್ಟನ್ ಒತ್ತೋಕಾಗಲ್ಲ, ಪಿಸ್ಟನ್ ಹಿಡಿದಿರೋ ಕನೆಕ್ಟಿಂಗ್ ರಾಡ್ ಬಾಗೋಗುತ್ತೆ. ಟೋ ಮಾಡ್ಸಿ, ಆಯಿಲ್ ಡ್ರೈನ್ ಬೋಲ್ಟ್ ನಿಧಾನ ಸಡಿಲ ಮಾಡ್ಸಿ, ನೀರು ಭಾರ ಆಗಿರೋದ್ರಿಂದ ಮೊದ್ಲು ಅದೇ ಬರುತ್ತೆ.

ಕಾರಣ ಸರಿ ಮಾಡಿದ ಮೇಲೆ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಸ್ವಲ್ಪ ಹೊತ್ತು ಐಡಲಲ್ಲಿ ಬಿಟ್ಟು ಆ ಆಯಿಲ್ ಮತ್ತೆ ಇಳಿಸ್ಬೇಕು, ಆಗ್ಲೂ ಕಾಫಿ ಬಣ್ಣ ಬಂದ್ರೆ ಇನ್ನೊಂದು ಸಲ.